ಕೌಂಟರಮ್ಮನ ತೊಂಬತ್ತು ದಿನ

ಟೆಂಪೋದವನು ಹದಿನೇಳು ಪೆಟ್ಟಿಗೆ ಒಳಗಿಟ್ಟು, ಹದಿನೆಂಟನೆಯದನ್ನು ಬಾಗಿಲಲ್ಲಿ ಸಿಕ್ಕಿಸಿಕೊಂಡು, "ಇದು ಒಳಗೆ ಹೋಗಬೇಕಾದರೆ ಮನೆಯೇ ಹೊರಗೆ ಬರಬೇಕಮ್ಮ" ಎಂದ. ಕೌಂಟರಮ್ಮ ಅವನನ್ನು ಪಕ್ಕಕ್ಕೆ ಸರಿಸಿದಳು. ಪೆಟ್ಟಿಗೆಯನ್ನು ಒಂದು ಮೂಲೆಯ ಮೇಲೆ ನಿಲ್ಲಿಸಿ, ಅರ್ಧ ಸುತ್ತು ತಿರುಗಿಸಿ, ಮೊಣಕಾಲಿನಿಂದ ಒಂದು ತಳ್ಳು ತಳ್ಳಿದಳು. ಹೋಯಿತು. ಮೂವತ್ತೊಂದು ವರ್ಷ ಗೋದಾಮಿನಲ್ಲಿ ಲಂಗರು, ಸರಪಳಿ ಎತ್ತಿಟ್ಟವಳಿಗೆ ಮನೆಯ ಬಾಗಿಲು ಯಾವ ಮಹಾ.

ದೋಣಿಕಟ್ಟೆಯ ಬೀದಿಯಲ್ಲಿ ದೋಣಿ ಸಾಮಾನಿನ ಅಂಗಡಿ ಇದ್ದದ್ದು ಒಂದೇ. ಅದರ ಕೌಂಟರಿನ ಹಿಂದೆ ನಿಂತದ್ದೂ ಇವಳೊಬ್ಬಳೇ. "ಅದೇ, ಹಗ್ಗ ಸುತ್ತುತಾರಲ್ಲ, ಕೊಂಬಿನ ಥರ ಇರುತ್ತಲ್ಲ, ಅದು ಕೊಡಿ" ಎಂದು ಬಂದವರಿಗೆ ತಿರುಗಿಯೂ ನೋಡದೆ ಕೈಚಾಚಿ ಸರಿಯಾದ್ದನ್ನೇ ತೆಗೆದುಕೊಡುತ್ತಿದ್ದಳು. ಗಿರಾಕಿಗಳು ಇಟ್ಟ ಹೆಸರು ಬೀದಿಗೆ ಬಂತು, ಬೀದಿಯಿಂದ ಮನೆಗೂ ಬಂತು. ಹಿಂದಿನ ತಿಂಗಳು ಮಾಲೀಕರು ಕಣ್ಣು ಮುಚ್ಚಿದರು. ಅವರ ಮಕ್ಕಳು ಕಟ್ಟಡ ಮಾರಿದರು. ಇಷ್ಟು ವರ್ಷದ ದುಡಿಮೆಗೆ ಕೊಡಬೇಕಾದ್ದರಲ್ಲಿ ಅರ್ಧ ದುಡ್ಡು, ಅರ್ಧ ಸಾಮಾನು ಎಂದರು. ಸಾಮಾನನ್ನು ಯಾರಿಗಾದರೂ ಸಗಟಾಗಿ ಸಾಗಹಾಕಿ ಇವಳು ಹಾಯಾಗಿ ಮನೆಯಲ್ಲಿರುತ್ತಾಳೆ ಎಂದು ಮನೆಯವರು ತಿಳಿದಿದ್ದರು. ಇವಳು ಟೆಂಪೋ ಕರೆದಳು.

ಅವತ್ತು ಭಾನುವಾರ. ಊಟದ ಮೇಜಿನ ಮೇಲೆ ಲೈಫ್ ಜಾಕೆಟ್ಟುಗಳು, ಕುರ್ಚಿಗಳ ಮೇಲೆ ಹಗ್ಗದ ಸುರುಳಿಗಳು. ನಾಲ್ಕು ಜನವೂ ಪೆಟ್ಟಿಗೆಗಳ ಮೇಲೆ ಕೂತು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡರು.

"ಕಾಳು ನೆಂದಿಲ್ಲ," ಎಂದ ಗಂಡ, ಮೊದಲ ತುತ್ತಿಗೇ.

ಅವನಿಗೆ ದೋಣಿಕಟ್ಟೆಯಲ್ಲಿ ಒಂಬತ್ತೂವರೆ ಎಂದು ಹೆಸರು. ಸರಕಿನ ಲಾಂಚಿನಲ್ಲಿ ಹಗ್ಗ ಎಸೆಯುವುದು, ಕಟ್ಟುವುದು, ಬಿಚ್ಚುವುದು, ಇಷ್ಟರಲ್ಲೇ ಮೂವತ್ತೆಂಟು ವರ್ಷ ಕಳೆದು ನಿವೃತ್ತನಾದವನು. ಎಡಗೈಯ ತೋರುಬೆರಳು ಅರ್ಧವೇ ಇತ್ತು. ಯಾರಾದರೂ ಕೇಳಿದರೆ ಮೀನು ತಿಂತು ಎನ್ನುತ್ತಿದ್ದ. ಮದುವೆಯ ಹೊಸದರಲ್ಲಿ ಹೆಂಡತಿ ಕೇಳಿದಾಗ ಮಾತ್ರ "ಹಗ್ಗಕ್ಕೆ ಸಿಕ್ತು" ಎಂದಿದ್ದ. ಅದರಾಚೆಗೆ ಅವಳೂ ಕೆದಕಿರಲಿಲ್ಲ.

"ಲಾಂಚಿನಲ್ಲಿ ಏಳು ಜನಕ್ಕೆ ನಾನೇ ಬೇಯಿಸ್ತಿದ್ದೆ," ಎಂದು ಮುಂದುವರಿಸಿದ. "ಒಂದು ಕಾಳು ಹಲ್ಲಿಗೆ ತಾಗಿದ್ದಿಲ್ಲ."

"ರಾತ್ರಿ ನೆನೆಹಾಕೋದು ಮರೆತುಹೋಯ್ತು ಮಾವ," ಎಂದಳು ಸೊಸೆ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಬೆಳಗ್ಗೆ ಐದಕ್ಕೆದ್ದು ಎರಡು ಹೊತ್ತಿನ ಅಡುಗೆ ಮುಗಿಸಿ ಏಳೂವರೆಯ ಬಸ್ಸು ಹಿಡಿಯುವುದು ಮದುವೆಯಾದಾಗಿನಿಂದ, ಅಂದರೆ ಆರು ವರ್ಷದಿಂದ, ಅವಳ ಪಾಡು. ಅತ್ತೆ ಮನೆಯಲ್ಲಿರುವ ದಿನ ಬಂತಲ್ಲ ಎಂದು ಅವಳು ಒಳಗೊಳಗೇ ಎಷ್ಟು ಹಿಗ್ಗಿದ್ದಳೋ, ಈ ಪೆಟ್ಟಿಗೆಗಳನ್ನು ನೋಡಿ ಅಷ್ಟೇ ಕುಗ್ಗಿದ್ದಳು. "ಅತ್ತೆ, ಒಂದು ಕೇಳ್ಲಾ? ಇದೆಲ್ಲ ಎಷ್ಟು ದಿನ ಇಲ್ಲಿರುತ್ತೆ?"

"ಮಾರಿ ಹೋಗೋ ತನಕ."

"ಯಾರಿಗೆ ಮಾರ್ತೀರಾ? ಅಂಗಡಿಯೇ ಇಲ್ಲ."

"ಇದೆ. ಇವನ ಫೋನಿನಲ್ಲಿದೆ," ಎಂದು ಕೌಂಟರಮ್ಮ ಮಗನ ಕಡೆ ಕೈ ತೋರಿಸಿದಳು. "ಆನ್‌ಲೈನಿನಲ್ಲಿ ಅಂಗಡಿ ತೆಗೀತೀನಿ. ಇವನು ಹೂಂ ಅಂದಿದಾನೆ."

ಮಗ ಬಸ್ ಡಿಪೋದಲ್ಲಿ ಎಲೆಕ್ಟ್ರಿಷಿಯನ್. ಮನೆಯ ಜಗಳಗಳಲ್ಲಿ ತಂತಿ ಮುಟ್ಟದೆ ದಾಟುವುದನ್ನು ಕಲಿತವನು. "ನಾನೆಲ್ಲಮ್ಮ ಹೂಂ ಅಂದೆ? ನೋಡೋಣ ಅಂದೆ."

"ನೀನು ಹುಟ್ಟಿದಾಗಿಂದ ನೋಡೋಣ ಅಂದಿದ್ದೆಲ್ಲ ಹೂಂ ಅಂತಲೇ ಆಗಿದೆ."

ಸೊಸೆ ತಟ್ಟೆ ಕೆಳಗಿಟ್ಟಳು. "ಅತ್ತೆ, ನೀವು ಏನಾದ್ರೂ ಮಾಡಿ, ನಾನು ಬೇಡ ಅನ್ನಲ್ಲ. ಆದರೆ ಬೆಳಗ್ಗೆ ಐದಕ್ಕೆ ಏಳೋದು ಇನ್ನು ನನ್ನ ಕೈಲಿ ಆಗಲ್ಲ. ಮೊನ್ನೆ ಲ್ಯಾಬಲ್ಲಿ ನಿಂತಲ್ಲೇ ತೂಕಡಿಸಿ ಒಬ್ಬರ ಸೀಸೆಗೆ ಇನ್ನೊಬ್ಬರ ಚೀಟಿ ಅಂಟಿಸ್ತಿದ್ದೆ. ಪಕ್ಕದವಳು ನೋಡಿದಳು, ಉಳೀತು. ಇಲ್ಲದಿದ್ರೆ ಯಾರಿಗೆ ಏನಾಗ್ತಿತ್ತೋ. ನೀವು ಮನೇಲಿ ಇರ್ತೀರಾ ಅಂತ ನಾನು ದಿನ ಎಣಿಸ್ತಿದ್ದೆ."

ಸೊಸೆಯ ಮಾತಿನ ನ್ಯಾಯ ಕೌಂಟರಮ್ಮನಿಗೆ ಗೊತ್ತಿತ್ತು. ಆದರೆ ಇನ್ನೊಂದು ಮಾತೂ ಗೊತ್ತಿತ್ತು: ಈಗ ಅಡುಗೆಮನೆ ಹೊಕ್ಕರೆ ತಾನು ಮತ್ತೆ ಆಚೆ ಬರುವುದಿಲ್ಲ. ಮೂವತ್ತೊಂದು ವರ್ಷ ಇನ್ನೊಬ್ಬರ ಅಂಗಡಿಯಲ್ಲಿ ನಿಂತವಳಿಗೆ ಒಂದು ದಿನ ತನ್ನದೇ ಅಂಗಡಿಯಲ್ಲಿ ನಿಲ್ಲುವ ಆಸೆ. ಅದನ್ನು ಬಾಯಿಬಿಟ್ಟು ಹೇಳಲು ಅವಳಿಗೆ ನಾಚಿಕೆಯಾಯಿತು.

"ತೊಂಬತ್ತು ದಿನ ಕೊಡು," ಎಂದಳು. "ತೊಂಬತ್ತನೇ ದಿನ ಈ ಮನೆಯಿಂದ ಹತ್ತು ಪಾರ್ಸೆಲ್ ಹೋಗದೇ ಇದ್ರೆ, ಮಾರನೇ ಬೆಳಗ್ಗೆ ಐದು ಗಂಟೆಗೆ ಒಲೆ ಹಚ್ಚೋಳು ನಾನು. ಹೋದ್ರೆ, ಅಡುಗೆಗೆ ಆಳಿಡ್ತೀನಿ. ಹೇಗಾದ್ರೂ ನೀನು ಮಲಗ್ತೀಯ."

"ತೊಂಬತ್ತು ದಿನ ನಾನೇ ಏಳ್ಬೇಕು?"

"ಏಳ್ಬೇಕು."

ಸೊಸೆ ಬೆರಳು ಮಡಚಿ ತಿಂಗಳು ಎಣಿಸಿದಳು. "ಸರಿ. ಕ್ಯಾಲೆಂಡರ್ ಮೇಲೆ ಗುರುತು ಹಾಕ್ತೀನಿ."

"ಹಾಕು."

"ಹೆಂಗಸರ ಅಂಗಡಿ, ಮೊಬೈಲಲ್ಲಿ ದೋಣಿ," ಎಂದು ಒಂಬತ್ತೂವರೆ ನಕ್ಕ. ಯಾರೂ ಜೊತೆಗೂಡದ್ದರಿಂದ ಮತ್ತೆ ಕಾಳಿನ ಕಡೆ ತಿರುಗಿದ.

*

ಆಮೇಲಿನ ಒಂದು ವಾರ ಮಗ ಡಿಪೋದಿಂದ ಬಂದವನೇ ಕೈಕಾಲು ತೊಳೆದು ಫೋಟೋ ತೆಗೆಯಲು ಕೂರಬೇಕಾಯಿತು. ಎಲ್ಲರೂ ಕೊಳ್ಳುವ ಒಂದು ದೊಡ್ಡ ಆನ್‌ಲೈನ್ ಪೇಟೆಯಲ್ಲಿ ಅವನು ಅಮ್ಮನ ಅಂಗಡಿ ತೆರೆದ. ಬಿಳಿಯ ಚಾದರ ಗೋಡೆಗೆ ಕಟ್ಟಿ, ಅದರ ಮುಂದೆ ಒಂದೊಂದೇ ವಸ್ತು ಇಟ್ಟು ಫೋಟೋ. ಕೌಂಟರಮ್ಮ ಪಕ್ಕದಲ್ಲಿ ನಿಂತು ವಿವರಣೆ ಹೇಳುತ್ತಿದ್ದಳು.

"ಇದಕ್ಕೇನು ಬರೀಲಿ?"

"ದೋಣಿ ಕಟ್ಟೆಗೆ ಗುದ್ದದ ಹಾಗೆ ನಡುವೆ ತೂಗುಬಿಡೋ ರಬ್ಬರ್ ಉಂಡೆ."

"ಅಷ್ಟುದ್ದ ಬರೆಯೋಕೆ ಜಾಗ ಇಲ್ಲಮ್ಮ. 'ಅತ್ಯುತ್ತಮ ಗುಣಮಟ್ಟ, ಆಕರ್ಷಕ ಬಣ್ಣ' ಅಂತ ಹಾಕ್ಲಾ?"

"ಬಣ್ಣ ಕಟ್ಕೊಂಡು ಏನು ಮಾಡ್ತಾರೆ, ಮದುವೆ ಮಾಡ್ತಾರಾ? ಎಷ್ಟು ಉದ್ದದ ದೋಣಿಗೆ ಎಷ್ಟು ಬೇಕು ಅಂತ ಬರಿ."

ಹಾಗೆಯೇ ಬರೆದ. ಹುಟ್ಟು ಕೂರಿಸುವ ಕವೆ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಲಂಗರು, ದೋಣಿಯೊಳಗೆ ತುಂಬಿದ ನೀರನ್ನು ಮೊಗೆದು ಚೆಲ್ಲುವ ಮೊಗೆ, ನಾಲ್ಕು ದಪ್ಪದ ನೈಲಾನ್ ಹಗ್ಗ. ಎಲ್ಲ ಸೇರಿ ನಲವತ್ತಾರು ವಸ್ತು. ಅಂಗಡಿ ತೆರೆಯಿತು. ಅಂಗಡಿ ತೆರೆದದ್ದು ಯಾರಿಗೂ ಗೊತ್ತಾಗಲಿಲ್ಲ.

ಒಂಬತ್ತು ದಿನ ಫೋನು ಮಿಸುಕಲಿಲ್ಲ. ಕೌಂಟರಮ್ಮ ಮುಂಜಾನೆ ಸ್ನಾನ ಮಾಡಿ, ತಲೆ ಬಾಚಿ, ಅಂಗಡಿಗೆ ಹೋಗುವ ಬಟ್ಟೆಯನ್ನೇ ಉಟ್ಟು, ಊಟದ ಮೇಜಿನ ಹಿಂದೆ ಕುಳಿತಿರುತ್ತಿದ್ದಳು. ಎದುರಿನ ಕುರ್ಚಿಯಲ್ಲಿ ಒಂಬತ್ತೂವರೆ ಪೇಪರು ಓದುತ್ತಿದ್ದ.

"ಗಿರಾಕಿ ಬಂದ್ರಾ?" ಎನ್ನುತ್ತಿದ್ದ ಹನ್ನೊಂದಕ್ಕೆ.

"ಬರ್ತಾರೆ."

"ಚಹಾ ಮಾಡಿಕೊಡು ಹಾಗಾದ್ರೆ, ಬರೋ ತನಕ."

"ನಾನು ಅಂಗಡಿಯಲ್ಲಿದೀನಿ," ಎನ್ನುತ್ತಿದ್ದಳು. ಅವನು ಗೊಣಗುತ್ತ ತಾನೇ ಎದ್ದು ಎರಡು ಲೋಟ ಚಹಾ ಮಾಡಿ ತರುತ್ತಿದ್ದ. ಅವನ ಚಹಾ ಚೆನ್ನಾಗಿರುತ್ತಿತ್ತು. ಅದನ್ನು ಹೇಳಿದರೆ ಎಲ್ಲಿ ತಲೆಗೇರುತ್ತದೋ ಎಂದು ಅವಳು ಹೇಳಲಿಲ್ಲ.

ಅಂಗಡಿ ತೆರೆದ ಹತ್ತನೇ ದಿನ ಮೊದಲ ಆರ್ಡರ್ ಬಂತು: ಒಂದು ಮೊಗೆ. ಅದನ್ನು ಅವಳು ಮೂರು ಸಲ ಒರೆಸಿ, ಎರಡು ಸಲ ಸುತ್ತಿ, ಮದುಮಗಳನ್ನು ಕಳಿಸಿದಂತೆ ಕೊರಿಯರಿನವನ ಜೊತೆ ಕಳಿಸಿದಳು. ಸೊಸೆ ಸಂಜೆ ಬಂದವಳು, "ಒಂದೇನಾ?" ಎಂದಳು.

"ಹನಿ ಹನಿ ಕೂಡಿದ್ರೆ ಹಳ್ಳ."

"ಮೊಗೆ ಕೊಟ್ಟಿದೀರಿ ಅತ್ತೆ. ಅವರು ಹಳ್ಳಾನ ಮೊಗೆದು ಚೆಲ್ಲಿಬಿಡ್ತಾರೆ." ಇಬ್ಬರೂ ನಕ್ಕರು. ಕ್ಯಾಲೆಂಡರಿನ ಮೇಲೆ ಹದಿನೇಳನೇ ಗೀಟು ಮಾತ್ರ ತಪ್ಪದೆ ಬಿತ್ತು.

ತಿಂಗಳು ಮುಗಿಯುವ ಹೊತ್ತಿಗೆ ಆರ್ಡರುಗಳು ಬರತೊಡಗಿದವು. ದಿನಕ್ಕೆ ಒಂದು, ಎರಡು, ಒಂದೊಂದು ದಿನ ನಾಲ್ಕು. ಹೆಚ್ಚಿನವು ಹಗ್ಗಕ್ಕೆ. ಕೊರಿಯರಿನವನು ಬೆಳಗ್ಗೆ ಎಂಟಕ್ಕೆ ಬಂದು ಬಾಗಿಲಲ್ಲಿ ಗಂಟೆ ಬಾರಿಸುತ್ತಿದ್ದ. ಒಂದು ನಿಮಿಷವೂ ಕಾಯುವವನಲ್ಲ. ಅಷ್ಟರೊಳಗೆ ಅಳೆದು, ಕತ್ತರಿಸಿ, ತುದಿ ಸುಟ್ಟು ಬಿಗಿ ಮಾಡಿ, ಸುರುಳಿ ಸುತ್ತಿ, ಚೀಟಿ ಅಂಟಿಸಿ ಮುಗಿಯಬೇಕು. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಸೊಸೆ ಓಡಾಡುವ ಸದ್ದು. ಒಲೆ ಮತ್ತು ಅಂಗಡಿ ಎರಡನ್ನೂ ಒಬ್ಬಳೇ ನಡೆಸುವುದಾಗದು ಎಂಬುದು ಕೌಂಟರಮ್ಮನಿಗೆ ದಿನದಿನಕ್ಕೂ ಖಾತ್ರಿಯಾಯಿತು. ಸೋತರೆ ಅಂಗಡಿ ಹೋದಂತೆಯೇ.

ಮೂವತ್ತೆರಡನೇ ದಿನ, ಚಹಾ ತಂದಿಟ್ಟ ಒಂಬತ್ತೂವರೆ ಅವಳು ಸುತ್ತಿದ ಸುರುಳಿಯನ್ನು ನೋಡಿ ಮುಖ ಕಿವಿಚಿದ.

"ಇದು ಸುರುಳಿನಾ, ಹಾವಿನ ಗೂಡಾ?"

"ಗೊತ್ತಿರೋರು ಕೈಹಚ್ಚಬಹುದು."

"ಹಗ್ಗ ನನಗೆ ಬಿಡು. ಆರ್ಡರ್ ಬಂದ್ರೆ ಅಳತೆ ಹೇಳು, ಮಾರನೇ ದಿನಕ್ಕೆ ತಯಾರಿರುತ್ತೆ. ಈ ಕಡೆ ತಲೆ ಹಾಕಬೇಡ."

ಕೌಂಟರಮ್ಮ ಕೈಯಲ್ಲಿದ್ದ ಕತ್ತರಿಯನ್ನು ಕೆಳಗಿಟ್ಟಳು. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ಈ ಮನುಷ್ಯ ತಾನಾಗಿ ಒಂದು ಕೆಲಸ ಕೇಳಿ ತೆಗೆದುಕೊಂಡಿದ್ದು ಇದೇ ಮೊದಲು. ಏನಾದರೂ ಅಂದರೆ ಮನಸ್ಸು ಬದಲಾಯಿಸಿಯಾನು ಎಂದು "ಹೂಂ" ಎಂದಷ್ಟೇ ಹೇಳಿ, ಒಳಗೆ ಹೋಗಿ ಗೋಡೆಗೆ ಒರಗಿ ನಿಂತು ನಕ್ಕಳು. ಖುಷಿಯಾಗಿತ್ತು. ಅವನು ಹಿತ್ತಲಿನ ಕೋಣೆಗೆ ಹಗ್ಗದ ಉರುಳೆಗಳನ್ನು ಸಾಗಿಸಿದ. ಮುಂದಿನ ಹದಿನೇಳು ದಿನದಲ್ಲಿ ಹನ್ನೆರಡು ಹಗ್ಗ ಹೋದವು. ಸುರುಳಿಗಳು ನಿಜಕ್ಕೂ ಚೆಲುವಾಗಿದ್ದವು. ಅವನು ಕಾಗದ ಸುತ್ತಿ, ಕಟ್ಟಿ, ಕೈಗೆ ಕೊಡುತ್ತಿದ್ದ. ಅವಳು ಚೀಟಿ ಅಂಟಿಸುತ್ತಿದ್ದಳು.

*

ಐವತ್ತನೇ ದಿನ ಮೊದಲ ಹಗ್ಗ ವಾಪಸ್ ಬಂತು. ಕಾರಣದ ಜಾಗದಲ್ಲಿ ಬರೆದಿತ್ತು: ಹಳೆಯ ಹಗ್ಗ ಕಳಿಸಿದ್ದಾರೆ.

ಸಾವಿರ ಗಿರಾಕಿಗಳಲ್ಲಿ ಒಬ್ಬ ತಲೆಕೆಟ್ಟವನಿರುತ್ತಾನೆ ಎಂದು ಕೌಂಟರಮ್ಮ ಸುಮ್ಮನಾದಳು. ಮಾರನೇ ದಿನ ಮೂರು ಬಂದವು, ಮೂರು ಕಾರಣ ಬರೆಸಿಕೊಂಡು. ಬಳಸಿದ್ದು. ಹೊಳಪಿಲ್ಲ, ಜುಂಗು ಎದ್ದಿದೆ. ಬೇರೆ ಯಾರೋ ಉಪಯೋಗಿಸಿ ಬಿಟ್ಟದ್ದು. ವಾರದಲ್ಲಿ ಹನ್ನೊಂದು ಹಗ್ಗ ಮನೆಗೆ ಮರಳಿದವು. ಅದರ ಬೆನ್ನಿಗೇ ಆನ್‌ಲೈನ್ ಪೇಟೆಯವರ ನೋಟಿಸು: ಹಳೆಯ ಮಾಲನ್ನು ಹೊಸದೆಂದು ಮಾರಿದ ದೂರು ಇನ್ನೊಂದು ಬಂದರೆ ಅಂಗಡಿಯನ್ನು ಶಾಶ್ವತವಾಗಿ ಮುಚ್ಚಲಾಗುವುದು.

ಮಗ ಅದನ್ನು ಎರಡು ಸಲ ಓದಿ ಹೇಳಿದ. ಕೌಂಟರಮ್ಮ ಹಳೆಯ ಅಂಗಡಿಗೆ ಹಗ್ಗ ಕೊಡುತ್ತಿದ್ದ ಸಗಟು ವ್ಯಾಪಾರಿಗೆ ಫೋನು ಮಾಡಿ, ಬಾಯಿಗೆ ಬಂದದ್ದೆಲ್ಲ ಅಂದಳು. "ಮೂವತ್ತು ವರ್ಷದಿಂದ ನಿಮ್ಮ ಹತ್ತಿರ ತಗೊಂಡಿದೀನಿ, ನನಗೇ ಹಳೇ ಮಾಲು ತುರುಕ್ತೀರಾ?" ಆ ಪಾಪದವನು ಆಣೆ ಪ್ರಮಾಣ ಮಾಡಿದ. ಫೋನಿಟ್ಟು ಅವಳು ವಾಪಸ್ ಬಂದ ಒಂದು ಪೊಟ್ಟಣ ಬಿಚ್ಚಿ, ಹಗ್ಗವನ್ನು ಕೈಯಲ್ಲಿ ತಿಕ್ಕಿ, ಮೂಗಿಗೆ ಹಿಡಿದಳು.

ಬಟ್ಟೆ ತೊಳೆಯುವ ಪುಡಿಯ ವಾಸನೆ. ತಮ್ಮದೇ ಬಚ್ಚಲುಮನೆಯ ಡ್ರಮ್ಮಿನ ವಾಸನೆ.

ಸಂಜೆ ಊಟಕ್ಕೆ ಕೂತಾಗ ಆ ಹಗ್ಗವನ್ನು ತಟ್ಟೆಗಳ ನಡುವೆ ಇಟ್ಟಳು. "ಬಚ್ಚಲಿನ ಡ್ರಮ್ಮಿನಲ್ಲಿ ಬಟ್ಟೆ ನೆನೆಹಾಕೋಳು ಈ ಮನೇಲಿ ನೀನೊಬ್ಬಳೇ," ಎಂದಳು ಸೊಸೆಗೆ. "ಅಂಗಡಿ ಮುಚ್ಚಬೇಕಾದ್ರೆ ಮುಖಕ್ಕೇ ಹೇಳ್ಬಹುದಿತ್ತು."

ಸೊಸೆಗೆ ಮೊದಲು ಅರ್ಥವೇ ಆಗಲಿಲ್ಲ. ಆದಮೇಲೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನಾನು? ನಿಮ್ಮ ಹಗ್ಗ ನಾನು ಹಾಳು ಮಾಡಿದೀನಿ ಅಂತೀರಾ?"

"ಕ್ಯಾಲೆಂಡರ್ ಮೇಲೆ ಗೀಟು ಹಾಕ್ತಿರೋದು ಯಾರು?"

"ಹೌದು, ಹಾಕ್ತೀನಿ. ನನಗೆ ನಿದ್ದೆ ಬೇಕು, ಅದಕ್ಕೆ ಹಾಕ್ತೀನಿ. ಆದ್ರೆ ಅತ್ತೆ, ಆರು ವರ್ಷದಲ್ಲಿ ನಿಮಗೆ ಹೇಳದೆ ಒಂದು ಲೋಟ ಎತ್ತಿಟ್ಟಿಲ್ಲ ನಾನು. ನಿಮ್ಮ ಪಾರ್ಸೆಲ್ಲಿಗೆ ಅಂತ ಲ್ಯಾಬಿನಿಂದ ಖಾಲಿ ರಟ್ಟಿನ ಡಬ್ಬ ಹೊತ್ಕೊಂಡು ಬಂದೋಳು ನಾನು. ಬಸ್ಸಲ್ಲಿ ನಿಂತ್ಕೊಂಡು." ಅವಳು ಎದ್ದಳು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

"ಅಮ್ಮ, ಇದು ಜಾಸ್ತಿಯಾಯ್ತು," ಎಂದ ಮಗ. ಅವನು ಹೀಗೆ ತಂತಿ ಮುಟ್ಟಿದ್ದು ಅಪರೂಪ.

"ಕೂತ್ಕೋ ತಾಯಿ," ಎಂದ ಒಂಬತ್ತೂವರೆ, ತಲೆಯೆತ್ತದೆ. "ನೆನೆಸಿದ್ದು ನಾನು."

ಮೂವರೂ ಅವನ ಕಡೆ ತಿರುಗಿದರು.

"ಒಂದು ರಾತ್ರಿ ಡ್ರಮ್ಮಿನಲ್ಲಿ ನೆನೆಸಿ, ಬೆಳಗ್ಗೆ ಮಹಡಿ ಮೇಲೆ ಎರಡು ಕಂಬಕ್ಕೆ ಎಳೆದು ಕಟ್ಟಿ, ಒಣಗಿದ ಮೇಲೆ ಸುತ್ತಿದ್ದು. ಹನ್ನೆರಡನ್ನೂ."

"ಯಾಕ್ರೀ?" ಕೌಂಟರಮ್ಮನ ಧ್ವನಿ ಏರಲಿಲ್ಲ, ಏರಲು ಅದರಲ್ಲಿ ಬಲವಿರಲಿಲ್ಲ. "ಹೊಸ ಹಗ್ಗಾನ ಯಾರಾದ್ರೂ ತೊಳೆದು ಮಾರ್ತಾರಾ?"

"ನೀನೇ ಹೇಳ್ತಿದ್ದೆ. ಲಾಂಚಿಗೆ ಹಗ್ಗ ತಗೊಳ್ಳೋಕೆ ನಿನ್ನ ಕೌಂಟರಿಗೆ ಬಂದಾಗೆಲ್ಲ ನಿನ್ನ ಬಾಯಲ್ಲಿ ಇದೇ ಮಾತು. ಒಂದು ರಾತ್ರಿ ನೆನೆಸಿ, ಎಳೆದು ಒಣಗಿಸಿ, ಆಮೇಲೆ ದೋಣಿಗೆ ಹಾಕಿ. ಚಿಕ್ಕ ಹುಡುಗರಿಗೂ ಹೇಳ್ತಿದ್ದೆ, ಮುದುಕರಿಗೂ ಹೇಳ್ತಿದ್ದೆ. ಇಲ್ಲಿ ಫೋನಲ್ಲಿ ಯಾರು ಹೇಳ್ತಾರೆ? ಯಾರೋ ಕೊಳ್ತಾನೆ, ಯಾರೋ ಕಟ್ತಾನೆ. ಅವನ ಮುಖ ನಾವು ನೋಡಿಲ್ಲ." ಅವನು ಎಡಗೈಯನ್ನು ಮೇಜಿನ ಮೇಲೆ ಹಗ್ಗದ ಪಕ್ಕಕ್ಕಿಟ್ಟ. "ಹೊಸ ಹಗ್ಗ ಮಾತು ಕೇಳಲ್ಲ ಕಣೇ. ಸೆಟೆದು ನಿಲ್ಲುತ್ತೆ, ಎಲ್ಲಿ ಬೇಕಲ್ಲಿ ಕುಣಿಕೆ ಬೀಳುತ್ತೆ. ನನಗಾಗ ಹತ್ತೊಂಬತ್ತು. ಉರುಳೆಯಿಂದ ಬಿಚ್ಚಿದ್ದನ್ನ ಹಾಗೇ ಗೂಟಕ್ಕೆ ಹಾಕಿದೆ, ಲಾಂಚು ಹಿಂದಕ್ಕೆ ಸರೀತು, ಬೆರಳಿಗೆ ಕುಣಿಕೆ ಬಿತ್ತು. ಅವತ್ತಿಂದ ನೆನೆಸದ ಹಗ್ಗ ಮುಟ್ಟಿಲ್ಲ ನಾನು. ಇನ್ನೊಬ್ಬರ ಕೈಗೆ ಹೇಗೆ ಕೊಡ್ಲಿ?"

ಕೌಂಟರಮ್ಮ ಆ ಅರ್ಧ ಬೆರಳನ್ನು ನೋಡಿದಳು. ಎಷ್ಟೋ ಸಾವಿರ ಜನರಿಗೆ ಆ ಎಚ್ಚರಿಕೆ ಕೊಟ್ಟಿದ್ದಳು, ಅದು ಅವಳಿಗೆ ಮಾಲೀಕರು ಕಲಿಸಿದ ಮಾತು. ತನ್ನ ಗಂಡನ ಕೈಯಲ್ಲೇ ಅದರ ಅರ್ಥ ಇದ್ದದ್ದು ತಿಳಿದಿರಲಿಲ್ಲ. ನಲವತ್ತಾರು ವಸ್ತುಗಳ ವಿವರಣೆಯನ್ನು ಮಗನಿಗೆ ಹೇಳಿ ಬರೆಸಿದವಳು ಆ ಒಂದು ಸಾಲನ್ನು ಬರೆಸಲು ಮರೆತಿದ್ದಳು. ಕೌಂಟರಿನಲ್ಲಿ ಅದು ತಾನಾಗಿ ಬಾಯಿಗೆ ಬರುತ್ತಿತ್ತು. ಬರೆಯಬೇಕು ಎಂದು ಹೊಳೆದೇ ಇರಲಿಲ್ಲ.

"ಹೇಳಿ ಮಾಡಬಾರದಿತ್ತಾ?" ಎಂದಳು.

"ಹೇಳಿದ್ರೆ ಬೇಡ ಅಂತಿದ್ದೆ."

ಅದು ನಿಜ. ಅವಳು ಸೊಸೆಯ ಕಡೆ ತಿರುಗಿದಳು. "ತಪ್ಪಾಯ್ತು ಕಣಮ್ಮ. ಅನ್ನಬಾರದ ಮಾತು ಅಂದೆ."

"ಅಂದಿರಿ," ಎಂದಳು ಸೊಸೆ. ಕಣ್ಣು ಒರೆಸಿಕೊಂಡು ಕೂತಳು. ಎರಡು ತುತ್ತಾದ ಮೇಲೆ ಹಗ್ಗ ಎತ್ತಿ ಮೂಸಿದಳು. "ಮಾವ, ನನ್ನ ಸೋಪಿನ ಪುಡಿ ಇದ್ದ ನೀರಲ್ಲೇ ಹಾಕಿದ್ರಾ? ಅದಕ್ಕೇ ಆ ವಾರ ನನ್ನ ಬಿಳಿ ಕೋಟೆಲ್ಲ ಹಸಿರು ಹಸಿರು."

ಮಗನಿಗೆ ನಗು ತಡೆಯಲಾಗಲಿಲ್ಲ.

*

ಮಾರನೇ ದಿನದಿಂದ ಕೌಂಟರಮ್ಮ ಸೊಂಟ ಕಟ್ಟಿ ನಿಂತಳು. ಹನ್ನೊಂದು ಜನಕ್ಕೂ ಉರುಳೆಯಿಂದ ಆಗಷ್ಟೇ ಬಿಚ್ಚಿದ ಹೊಳೆಯುವ ಹಗ್ಗ ಕಳಿಸಿದಳು, ಕಾಸು ಕೇಳದೆ. ಪ್ರತಿಯೊಂದರ ಜೊತೆ ತನ್ನ ಕೈಬರಹದ ಚೀಟಿ: ಮೊದಲು ಕಳಿಸಿದ್ದು ಹಳೆಯದಲ್ಲ, ನಮ್ಮ ಮನೆಯವರು ನಿಮ್ಮ ಕೈ ಉಳಿಯಲಿ ಎಂದು ನೆನೆಸಿ ಒಣಗಿಸಿದ್ದು, ನಿಮಗೆ ಹೇಳದೆ ಮಾಡಿದ್ದು ನಮ್ಮ ತಪ್ಪು, ಇದನ್ನು ನೀವೇ ಒಂದು ರಾತ್ರಿ ನೆನೆಸಿ, ಎಳೆದು ಒಣಗಿಸಿ, ಆಮೇಲೆ ಕಟ್ಟಿ. ಸೋಪು ಬೇಡ. ಮಗ ಅಂಗಡಿಯಲ್ಲಿ ಹಗ್ಗದ ವಿವರಣೆಗೆ ಆ ಮಾತನ್ನು ಸೇರಿಸಿದ.

ಹನ್ನೆರಡನೆಯ ಹಗ್ಗ ಮಾತ್ರ ವಾಪಸ್ ಬಂದಿರಲಿಲ್ಲ. ಅದೇ ಅವಳ ನಿದ್ದೆ ಕೆಡಿಸಿತು. ಇನ್ನೊಂದೇ ಒಂದು ದೂರು ಸಾಕು, ಅಂಗಡಿ ಹೋಯಿತು. ಮೂರು ದಿನ ಕಾದು, ನಾಲ್ಕನೇ ದಿನ ತಾನೇ ಆ ನಂಬರಿಗೆ ಫೋನು ಮಾಡಿದಳು. ಎತ್ತಿದ್ದು ಒಬ್ಬ ಹೆಂಗಸು. ಹಿಂದೆ ನೀರಿನ ಸದ್ದು.

"ಹಗ್ಗದ ಅಂಗಡಿಯಿಂದ ಮಾತಾಡ್ತಿರೋದು. ನಿಮಗೆ ಬಂದ ಹಗ್ಗ..."

"ಹೂಂ, ಬಂತು. ಬಂದ ದಿನವೇ ಕಟ್ಟಿದೆ. ಯಾಕೆ?"

"ಹಳೆಯದು ಅನ್ನಿಸಲಿಲ್ವಾ ನಿಮಗೆ?"

ಆ ಕಡೆಯವಳು ನಕ್ಕಳು. "ಇಪ್ಪತ್ತು ವರ್ಷದಿಂದ ಜನರನ್ನ ಆಚೆ ದಡಕ್ಕೆ ದಾಟಿಸ್ತಿದೀನಿ ಅಕ್ಕ, ಹಳೇ ಹಗ್ಗಕ್ಕೂ ನೆನೆಸಿದ ಹಗ್ಗಕ್ಕೂ ವ್ಯತ್ಯಾಸ ಗೊತ್ತಿಲ್ವಾ? ಅಂಗಡಿಯೋರು ಈ ಕೆಲಸ ಮಾಡಿ ಕೊಟ್ಟಿದ್ದು ನಾನು ನೋಡೇ ಇರಲಿಲ್ಲ. ಯಾರು ಮಾಡಿದ್ದು?"

"ನಮ್ಮ ಮನೆಯೋರು."

"ಲಾಂಚಿನಲ್ಲಿದ್ದೋರಾ? ಸುರುಳಿ ನೋಡಿಯೇ ಅಂದ್ಕೊಂಡೆ. ಕೊಡಿ ಅವರಿಗೆ."

ಕೌಂಟರಮ್ಮ ಫೋನನ್ನು ಗಂಡನ ಕೈಗಿಟ್ಟಳು. ಅವನು ಮುಕ್ಕಾಲು ಗಂಟೆ ಹಗ್ಗ, ಗಾಳಿ, ಗೂಟ ಎಂದು ಮಾತಾಡಿದ. ಪೇಪರು ಹಾಗೇ ಬಿದ್ದಿತ್ತು. ಕೊನೆಗೆ ಫೋನು ವಾಪಸ್ ಕೊಟ್ಟು, "ಮೂರು ಹಗ್ಗ ಬೇಕಂತೆ. ನೆನೆಸಿದ್ದೇ," ಎಂದ. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ. ಅವಳು ನೋಡಿಯೂ ನೋಡದಂತೆ ಅಳತೆ ಬರೆದುಕೊಂಡಳು.

ದೂರು ಮತ್ತೆ ಬರಲಿಲ್ಲ. ಹನ್ನೊಂದು ಜನರಲ್ಲಿ ನಾಲ್ವರು ಚೀಟಿಯ ಫೋಟೋ ತೆಗೆದು ಅಂಗಡಿಯ ಕೆಳಗೆ ಹಾಕಿ ನಾಲ್ಕು ಒಳ್ಳೆಯ ಮಾತು ಬರೆದರು. ಒಬ್ಬ ಬೈದ. ಕೌಂಟರಮ್ಮ ಮೇಜಿನ ಹಿಂದೆ ಕೂತು ದಿನಕ್ಕೆ ಐದು, ಆರು ಪಾರ್ಸೆಲ್ ಕಟ್ಟತೊಡಗಿದಳು. ಸೊಸೆ ಐದಕ್ಕೇ ಏಳುತ್ತಿದ್ದಳು; ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. ಬೆಳಗ್ಗೆ ಅಡುಗೆಮನೆಯ ಬಾಗಿಲು ದಾಟುವಾಗ ಕೌಂಟರಮ್ಮ ಅವಳ ಮುಖ ನೋಡಲಾರದೆ ಹೋಗುತ್ತಿದ್ದಳು.

ತೊಂಬತ್ತನೇ ದಿನ ಎಂಟಕ್ಕೆ ಬಾಗಿಲ ಗಂಟೆ ಹೊಡೆಯಿತು. ಕೊರಿಯರಿನವನು ಎಣಿಸಿ ಚೀಲಕ್ಕೆ ಹಾಕಿಕೊಂಡ. ಏಳು.

"ಏಳಾಯ್ತಲ್ಲಮ್ಮ," ಎಂದ ಮಗ ಸಂಜೆ. "ಇನ್ನೊಂದು ತಿಂಗಳಲ್ಲಿ ಹತ್ತಾಗುತ್ತೆ."

"ಹತ್ತು ಅಂದಿದ್ದೆ."

ಸೊಸೆ ಕ್ಯಾಲೆಂಡರಿನ ಮುಂದೆ ಪೆನ್ನು ಹಿಡಿದು ನಿಂತಿದ್ದಳು. ಕೊನೆಯ ಗೀಟು ಹಾಕಿರಲಿಲ್ಲ. "ಅತ್ತೆ, ಬಿಡಿ ಅಂತ ಹೇಳೋಕೆ ಮನಸ್ಸಿದೆ. ಆದ್ರೆ ಹೇಳಿದ್ರೆ ನಾಳೆಯೂ ನಾನೇ ಏಳ್ಬೇಕು. ಆಗ್ತಿಲ್ಲ. ಸುಳ್ಳು ಹೇಳಲ್ಲ."

"ಹೇಳಬೇಡ. ಮಾತು ಕೊಟ್ಟಿದ್ದು ನಾನು." ಕೌಂಟರಮ್ಮ ಅವಳ ಕೈಯಿಂದ ಪೆನ್ನು ತೆಗೆದುಕೊಂಡು ತೊಂಬತ್ತನೇ ಗೀಟನ್ನು ತಾನೇ ಹಾಕಿದಳು. "ಆಳಿಡೋಕೆ ಏಳು ಸಾಲದು. ನಾಳೆ ಮಲಕ್ಕೋ. ಉಳಿದ ಸಾಮಾನನ್ನ ಈ ತಿಂಗಳಲ್ಲಿ ಹೇಗೋ ಖಾಲಿ ಮಾಡ್ತೀನಿ."

ಒಂಬತ್ತೂವರೆ ಪೇಪರಿನ ಹಿಂದಿನಿಂದ ಏನೂ ಅನ್ನಲಿಲ್ಲ. ಅದೊಂದು ಅವಳಿಗೆ ಚುಚ್ಚಿತು. ನೂರು ಸಲ ಗಿರಾಕಿ ಬಂದ್ರಾ ಎಂದು ಕೇಳಿದವನು ಇವತ್ತು ಒಂದು ಮಾತು ಆಡಬಾರದೇ? ಮಲಗುವ ಮುನ್ನ ಅವಳು ಮೇಜಿನ ಮೇಲಿನ ಟೇಪು, ಕತ್ತರಿ, ಚೀಟಿಯ ಕಟ್ಟು ಎಲ್ಲವನ್ನೂ ಒಂದು ಡಬ್ಬದಲ್ಲಿ ಹಾಕಿ ಮುಚ್ಚಿದಳು. ಅಳಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಎದ್ದು ಅಡುಗೆಮನೆಗೆ ಹೋದಳು. ದೀಪ ಆಗಲೇ ಉರಿಯುತ್ತಿತ್ತು.

ಒಂಬತ್ತೂವರೆ ಅಂಗಿಯ ತೋಳು ಮಡಿಸಿಕೊಂಡು ಒಲೆಯ ಮುಂದೆ ನಿಂತಿದ್ದ. ಒಂದು ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ಪಕ್ಕದಲ್ಲಿ ಹೆಚ್ಚಿದ ತರಕಾರಿ, ಒಂದೇ ಅಳತೆಯ ತುಂಡುಗಳು. ಅವನು ಎಡಗೈಯಲ್ಲಿ ಈರುಳ್ಳಿ ಹಿಡಿದು ಕೊಯ್ಯುತ್ತಿದ್ದ; ಅರ್ಧ ಬೆರಳು ಚಾಕುವಿಗೆ ಸಿಗದಂತೆ ಮಡಚಿಕೊಂಡಿತ್ತು.

"ಏನ್ರೀ ಇದು?"

"ಅಡುಗೆ."

"ಏಳ್ಬೇಕಾದೋಳು ನಾನು. ಮಾತು ಕೊಟ್ಟಿದೀನಿ."

"ಅವಳು ಕೇಳಿದ್ದು ತಾನು ಏಳಬಾರದು ಅಂತ. ಮಲಗಿದಾಳೆ." ಈರುಳ್ಳಿಯನ್ನು ಬಾಣಲೆಗೆ ಹಾಕಿದ. "ಐದಕ್ಕೆ ಒಲೆ ಹಚ್ತೀನಿ ಅಂದೋಳು ನೀನು. ನಾನು ನಾಲ್ಕೂವರೆಗೇ ಹಚ್ಚಿದೆ. ನಿನ್ನ ಮಾತು ನೀನು ಉಳಿಸ್ಕೋ, ಬಂದು ಪಕ್ಕದ ಒಲೆ ಹಚ್ಚು, ಚಹಾ ಇಡು. ಆ ಮೇಲೆ ಅಂಗಡಿಗೆ ಹೋಗು. ಎಂಟಕ್ಕೆ ಅವನು ಬರ್ತಾನೆ."

ಕೌಂಟರಮ್ಮ ಬಾಗಿಲಲ್ಲೇ ನಿಂತಳು. ಮೂರು ತಿಂಗಳು ಈ ಮನೆಯಲ್ಲಿ ಒಲೆಯ ಮುಂದೆ ಯಾವ ಹೆಂಗಸು ನಿಲ್ಲಬೇಕು ಎಂದು ಹೊಡೆದಾಡಿದ್ದೇ ಆಯಿತು. ಏಳು ಜನಕ್ಕೆ ಅಡುಗೆ ಮಾಡಿದವನು ಎದುರಿನ ಕುರ್ಚಿಯಲ್ಲಿ ಪೇಪರು ಓದುತ್ತ ಕೂತಿದ್ದ. ಅದು ಅವಳಿಗೂ ಹೊಳೆಯಲಿಲ್ಲ, ಸೊಸೆಗೂ ಹೊಳೆಯಲಿಲ್ಲ.

"ಮೂರು ತಿಂಗಳು ಯಾಕೆ ಸುಮ್ಮನಿದ್ರಿ?" ಎಂದಳು, ಸಿಟ್ಟು ನಿಜಕ್ಕೂ ಬಂದಿತ್ತು.

"ಯಾರೂ ಕೇಳಲಿಲ್ಲ." ಸ್ವಲ್ಪ ತಡೆದು, "ನಾನೂ ಹೇಳಲಿಲ್ಲ. ಕೂತು ಉಣ್ಣೋದು ಅಭ್ಯಾಸ ಆಗಿತ್ತು," ಎಂದ.

ಅವಳು ಒಳಗೆ ಬಂದಳು. ಪಕ್ಕದ ಒಲೆ ಹಚ್ಚಿ, ಚಹಾಕ್ಕೆ ನೀರಿಟ್ಟಳು. ಗಡಿಯಾರದಲ್ಲಿ ಐದು. ಮೂಲೆಯಲ್ಲಿದ್ದ ದೊಡ್ಡ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು: ಕಾಳು, ಉಬ್ಬಿ, ಅಂಚಿನ ತನಕ ತುಂಬಿಕೊಂಡು.

"ರಾತ್ರಿಯೇ ನೆನೆಸಿದೆ," ಎಂದ ಅವನು, ತಿರುಗಿ ನೋಡದೆ. "ಇದನ್ನ ಯಾರೂ ವಾಪಸ್ ಕಳಿಸಲ್ಲ."